ಟ್ರೈಲರ್‌ಗೆ ಸ್ಯಾಟಲೈಟ್ ಇಂಟರ್ನೆಟ್ ಹಾಕುತ್ತಿದ್ದೀರಾ? ಮೊದಲು ಆಕಾಶ ನೋಡಿ, ಆಮೇಲೆ ಬ್ಯಾಟರಿ ನೋಡಿ

ಟ್ರಾವೆಲ್ ಟ್ರೈಲರ್‌ಗೆ, ಅಂದರೆ ಗಾಡಿಯ ಹಿಂದೆ ಕಟ್ಟಿ ಎಳೆದೊಯ್ಯುವ ಚಿಕ್ಕ ಮನೆಗೆ, ಸ್ಯಾಟಲೈಟ್ ಇಂಟರ್ನೆಟ್ ಹಾಕಬೇಕು ಅಂದ ತಕ್ಷಣ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ, ಯಾವ ಡಿಶ್ ತಗೊಳ್ಳಲಿ ಅಂತ. ಅದಕ್ಕೆ ಉತ್ತರ ಐದು ನಿಮಿಷದಲ್ಲಿ ಸಿಗುತ್ತದೆ. ತಲೆ ಕೆಡಿಸುವುದು ಬೇರೆ ಎರಡು ವಿಷಯ. ಡಿಶ್‌ಗೆ ತೆರೆದ ಆಕಾಶ ಸಿಗುತ್ತದಾ? ಬ್ಯಾಟರಿಯಿಂದ ಡಿಶ್‌ವರೆಗೆ ಕರೆಂಟು ಸರಿಯಾಗಿ ತಲುಪುತ್ತದಾ? ನಾನು ಟ್ರೈಲರ್‌ನಲ್ಲೇ ಕೂತು ಕೆಲಸ ಮಾಡುತ್ತೇನೆ, ತಿಂಗಳುಗಟ್ಟಲೆ. ಇಂಟರ್ನೆಟ್ ಕೈಕೊಟ್ಟಾಗಲೆಲ್ಲ ಕಾರಣ ಹುಡುಕಿಕೊಂಡು ಹೋದರೆ ಸಿಕ್ಕಿದ್ದು ಒಂದೋ ಮರ, ಇಲ್ಲ ವೈರು. ಅದಕ್ಕೇ ಈ ಲೇಖನದಲ್ಲಿ ಜಾಸ್ತಿ ಜಾಗ ಅವೆರಡಕ್ಕೇ ಕೊಟ್ಟಿದ್ದೇನೆ.

ಹಂತ 1: ಯಾವ ಥರದ ಸೇವೆ, ಯಾವ ಡಿಶ್

ಸ್ಯಾಟಲೈಟ್ ಇಂಟರ್ನೆಟ್‌ನಲ್ಲಿ ಮುಖ್ಯವಾಗಿ ಎರಡು ಥರ ಇದೆ. ಹಳೆಯದು, ಭೂಮಿಯಿಂದ 35,786 ಕಿ.ಮೀ. ಎತ್ತರದಲ್ಲಿ ಒಂದೇ ಕಡೆ ನಿಂತಂತೆ ಕಾಣುವ ಉಪಗ್ರಹದ ಸೇವೆ. ನೀವು ಒಂದು ಲಿಂಕ್ ಒತ್ತಿದರೆ ಸಿಗ್ನಲ್ ಅಷ್ಟು ಮೇಲೆ ಹೋಗಿ ಕೆಳಗೆ ಬರಬೇಕು, ಉತ್ತರವೂ ಹಾಗೇ ಮೇಲೆ ಹೋಗಿ ಕೆಳಗೆ ಬರಬೇಕು, ಒಟ್ಟು ಸುಮಾರು 1,43,000 ಕಿ.ಮೀ. ಬೆಳಕಿನ ವೇಗದಲ್ಲಿ ಓಡಿದರೂ ಅಷ್ಟಕ್ಕೇ ಅರ್ಧ ಸೆಕೆಂಡ್ ಹತ್ತಿರ ಆಗುತ್ತದೆ. ಬಳಸುವಾಗ 600 ಮಿಲಿಸೆಕೆಂಡ್‌ಗಿಂತ ಜಾಸ್ತಿಯೇ ಆಗುತ್ತದೆ. ಇಮೇಲ್‌ಗೆ ತೊಂದರೆ ಇಲ್ಲ. ವಿಡಿಯೋ ಕಾಲ್‌ನಲ್ಲಿ ಮಾತ್ರ ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುತ್ತಲೇ ಇರುತ್ತದೆ. ಅದೂ ಅಲ್ಲದೆ ಟ್ರೈಲರ್ ನಿಲ್ಲಿಸಿದ ಪ್ರತಿ ಜಾಗದಲ್ಲೂ ಆ ಡಿಶ್‌ಗೆ ಹೊಸದಾಗಿ ಗುರಿ ಹಿಡಿಯಬೇಕು, ತುಸು ಅತ್ತಿತ್ತ ಆದರೂ ಸಿಗ್ನಲ್ ಇಲ್ಲ.

ಹೊಸದು ಕೆಳಗಿನ ಕಕ್ಷೆಯ ಉಪಗ್ರಹಗಳದ್ದು. ಸ್ಟಾರ್‌ಲಿಂಕ್ ಇದರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು. 2019ರ ಮೇ ತಿಂಗಳಲ್ಲಿ ಇದಕ್ಕಾಗಿ 60 ಉಪಗ್ರಹ ಒಟ್ಟಿಗೆ ಹಾರಿಸಿದರು, ಜನರಿಗೆ ಸೇವೆ ಸಿಕ್ಕಿದ್ದು ಆಮೇಲೆ. ಉಪಗ್ರಹಗಳು ಸುಮಾರು 550 ಕಿ.ಮೀ. ಎತ್ತರದಲ್ಲಿ ಇರುವುದರಿಂದ ತಡ 25ರಿಂದ 60 ಮಿಲಿಸೆಕೆಂಡ್ ಅಷ್ಟೇ. ಆದರೆ ಇವು ಒಂದು ಕಡೆ ನಿಲ್ಲುವುದಿಲ್ಲ. ಗಂಟೆಗೆ ಸುಮಾರು 27,000 ಕಿ.ಮೀ. ವೇಗದಲ್ಲಿ ಹೋಗುತ್ತಿರುತ್ತವೆ, ಒಂದು ಉಪಗ್ರಹ ನಿಮ್ಮ ಡಿಶ್‌ಗೆ ಕಾಣುವುದು ಕೆಲವೇ ನಿಮಿಷ, ಆಮೇಲೆ ಡಿಶ್ ಇನ್ನೊಂದನ್ನು ಹಿಡಿಯಬೇಕು. ಹಾಗಾಗಿ ಇದಕ್ಕೆ ಬೇಕಿರುವುದು ಆಕಾಶದ ಒಂದು ಚುಕ್ಕೆ ಅಲ್ಲ, ಅಗಲವಾದ ಆಕಾಶ.

ಟ್ರೈಲರ್‌ಗೆ ನನ್ನ ಆಯ್ಕೆ ಕೆಳ ಕಕ್ಷೆಯದೇ, ಅದರಲ್ಲೂ ಒಬ್ಬಿಬ್ಬರು ಇದ್ದರೆ ಚಿಕ್ಕ ಡಿಶ್. ಸ್ಟಾರ್‌ಲಿಂಕ್ ಮಿನಿ ಸುಮಾರು 30 ಸೆಂ.ಮೀ. ಉದ್ದ, 26 ಸೆಂ.ಮೀ. ಅಗಲ, ತೂಕ ಒಂದು ಕಿಲೋಗಿಂತ ತುಸು ಮೇಲೆ. ರೌಟರ್ ಒಳಗೇ ಇದೆ, ಕರೆಂಟು 25ರಿಂದ 40 ವ್ಯಾಟ್ ಎಳೆಯುತ್ತದೆ. ಮೂರನೇ ತಲೆಮಾರಿನ ಸ್ಟ್ಯಾಂಡರ್ಡ್ ಡಿಶ್ ವಿಸ್ತೀರ್ಣದಲ್ಲಿ ಇದರ ಸುಮಾರು ಮೂರರಷ್ಟು ದೊಡ್ಡದು, ಸುಮಾರು 3 ಕಿಲೋ, 75ರಿಂದ 100 ವ್ಯಾಟ್ ಎಳೆಯುತ್ತದೆ. ದೊಡ್ಡದು ಜಾಸ್ತಿ ವೇಗ ಕೊಡುತ್ತದೆ, ಮನೆ ಮಂದಿಯೆಲ್ಲ ಒಟ್ಟಿಗೆ ವಿಡಿಯೋ ನೋಡಿದರೂ ತಡೆಯುತ್ತದೆ. ಆದರೆ ಆ ಕರೆಂಟನ್ನು ದಿನಾ ಎಲ್ಲಿಂದ ತರುತ್ತೀರಿ ಅನ್ನುವುದನ್ನು ಮೊದಲೇ ಯೋಚಿಸಿಕೊಳ್ಳಿ.

ಪ್ಲಾನ್ ತಗೊಳ್ಳುವಾಗ ಮೂರು ವಿಷಯ ಓದಿ. ಮನೆ ವಿಳಾಸಕ್ಕೆ ಕಟ್ಟಿದ ಪ್ಲಾನ್ ಬೇಡ, ಊರೂರು ತಿರುಗುವವರಿಗೆ ಅಂತಲೇ ಇರುವ ರೋಮಿಂಗ್ ಪ್ಲಾನ್ ಬೇಕು. ನೀವು ಹೋಗುವ ದೇಶದಲ್ಲಿ ಆ ಸೇವೆಗೆ ಅನುಮತಿ ಇದೆಯಾ ನೋಡಿ. ಅನುಮತಿ ಇಲ್ಲದ ಕಡೆ ಡಿಶ್ ತಗೊಂಡು ಗಡಿ ದಾಟುವ ಸಾಹಸ ಖಂಡಿತ ಬೇಡ. ಗಾಡಿ ಓಡುವಾಗಲೂ ಬಳಸುವ ಆಸೆ ಇದ್ದರೆ ಪ್ಲಾನ್ ಅದಕ್ಕೆ ಒಪ್ಪುತ್ತದಾ ಅಂತಲೂ ನೋಡಿ. ಇನ್ನೊಂದು ಮಾತು, ರೋಮಿಂಗ್ ಪ್ಲಾನ್‌ನವರಿಗೆ ಸರದಿಯಲ್ಲಿ ಹಿಂದಿನ ಜಾಗ. ಜನ ತುಂಬಿದ ಕಡೆ ಸಂಜೆ ಹೊತ್ತು ವೇಗ ಇಳಿದರೆ ನಿಮ್ಮ ಡಿಶ್ ಕೆಟ್ಟಿಲ್ಲ.

ಹಂತ 2: ಆಕಾಶ ಅಳೆಯಿರಿ

ಟ್ರೈಲರ್ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಮೆಟ್ಟಿಲು ಇಳಿಸಿ, ಚಹಾ ಕುಡಿದು ಆಮೇಲೆ ಡಿಶ್ ಹೊರಗೆ ತೆಗೆಯುವುದು ಎಲ್ಲರೂ ಮಾಡುವ ತಪ್ಪು. ಅಷ್ಟರಲ್ಲಿ ಜಾಗ ಆಯ್ಕೆ ಆಗಿಹೋಗಿರುತ್ತದೆ. ಗಾಡಿ ಇನ್ನೂ ಸ್ಟಾರ್ಟ್ ಇರುವಾಗಲೇ ಕೆಳಗಿಳಿದು ಆಕಾಶ ನೋಡಿ.

ಹೇಗೆ ನೋಡಬೇಕು ಅಂತ ಹೇಳುತ್ತೇನೆ. ಮಿನಿ ಆಗಲಿ ಸ್ಟ್ಯಾಂಡರ್ಡ್ ಆಗಲಿ, ಡಿಶ್‌ನ ನೋಟ 110 ಡಿಗ್ರಿ ಅಗಲ. ಮೇಲೆ ಮುಖ ಮಾಡಿ ಮಲಗಿಸಿದರೆ ನೆತ್ತಿಯಿಂದ ಸುತ್ತಲೂ 55 ಡಿಗ್ರಿ, ಅಂದರೆ ದಿಗಂತದಿಂದ 35 ಡಿಗ್ರಿ ಮೇಲಿರುವುದೆಲ್ಲ ಅದಕ್ಕೆ ತೆರೆದಿರಬೇಕು. ಇದನ್ನು ಅಳೆಯಲು ನಿಮ್ಮ ಕೈ ಸಾಕು. ತೋಳು ನೇರ ಚಾಚಿ ಮುಷ್ಟಿ ಹಿಡಿಯಿರಿ. ಒಂದು ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ದಿಗಂತದ ಮೇಲೆ ಮುಷ್ಟಿ ಮೇಲೆ ಮುಷ್ಟಿ ಇಡುತ್ತಾ ಹೋಗಿ. ಮೂರೂವರೆ ಮುಷ್ಟಿಗಿಂತ ಮೇಲೆ ಕೊಂಬೆ, ಕಟ್ಟಡ, ಗುಡ್ಡ ಯಾವುದೂ ಬರಬಾರದು. ಒಂದು ಸುತ್ತು ತಿರುಗಿ ನೋಡಿದರೆ ಒಂದು ನಿಮಿಷದ ಕೆಲಸ.

ಇದೇ ಲೆಕ್ಕವನ್ನು ದೂರಕ್ಕೆ ತಿರುಗಿಸಿದರೆ ಇನ್ನೂ ಸುಲಭ. ಅಡ್ಡ ಬರುವ ವಸ್ತು ಡಿಶ್‌ಗಿಂತ ಎಷ್ಟು ಎತ್ತರ ಇದೆಯೋ ಅದರ ಒಂದೂವರೆ ಪಟ್ಟು ದೂರದಲ್ಲಿ ಇರಬೇಕು. ಡಿಶ್‌ಗಿಂತ 10 ಮೀಟರ್ ಎತ್ತರದ ಮರ ಇದ್ದರೆ 15 ಮೀಟರ್ ದೂರ. ಚಾವಣಿ ಮೇಲಿನ ಎಸಿ ಪೆಟ್ಟಿಗೆ ಡಿಶ್‌ಗಿಂತ 30 ಸೆಂ.ಮೀ. ಎತ್ತರ ಇದ್ದರೆ ಕನಿಷ್ಠ 45 ಸೆಂ.ಮೀ. ದೂರ. ಡಿಶ್ ಒಂದು ಕಡೆ ವಾಲಿದ್ದರೆ ಆ ಕಡೆ ಇನ್ನೂ ಕೆಳಗಿನವರೆಗೆ ತೆರೆದಿರಬೇಕು. ಯಾವ ಕಡೆ ವಾಲಿಸಬೇಕು ಅನ್ನುವುದನ್ನು ಫೋನಿನ ಸ್ಟಾರ್‌ಲಿಂಕ್ ಆ್ಯಪ್ ತೋರಿಸುತ್ತದೆ, ಅದು ಹೇಳಿದಂತೆ ತಿರುಗಿಸಿ.

ಆ್ಯಪ್‌ನಲ್ಲೇ ಫೋನಿನ ಕ್ಯಾಮೆರಾ ಹಿಡಿದು ಆಕಾಶ ಸ್ಕ್ಯಾನ್ ಮಾಡುವ ಸೌಲಭ್ಯ ಇದೆ. ಅದನ್ನೂ ಬಳಸಿ. ಆದರೆ ಸ್ಕ್ಯಾನ್ ಮಾಡುವಾಗ ಡಿಶ್ ಇಡುವ ಜಾಗದಲ್ಲೇ, ಅದೇ ಎತ್ತರದಲ್ಲಿ ಫೋನ್ ಹಿಡಿಯಬೇಕು. ನೆಲದ ಮೇಲೆ ನಿಂತು ಸ್ಕ್ಯಾನ್ ಮಾಡಿ ಚಾವಣಿಗೆ ಹಾಕಿದರೆ ಆ ಲೆಕ್ಕ ಹೊಂದುವುದಿಲ್ಲ.

ಒಂದೇ ಒಂದು ಕೊಂಬೆ ಏನು ಮಾಡುತ್ತದೆ ಅಂತ ಅನ್ನಿಸಬಹುದು. ವೇಗದ ಪರೀಕ್ಷೆ ಮಾಡಿದರೆ ಏನೂ ಗೊತ್ತಾಗುವುದಿಲ್ಲ, ಸಂಖ್ಯೆ ಚೆನ್ನಾಗಿಯೇ ಬರುತ್ತದೆ. ಆದರೆ ಉಪಗ್ರಹ ಆ ಕೊಂಬೆಯ ಹಿಂದೆ ಹೋದ ನಾಲ್ಕು ಸೆಕೆಂಡ್ ಕಾಲ್ ನಿಂತುಹೋಗುತ್ತದೆ, ಎದುರಿನವರ ಮುಖ ಕಲ್ಲಾಗುತ್ತದೆ, ಆಮೇಲೆ ಮತ್ತೆ ಸರಿ. ಸಿನಿಮಾ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ, ಮೊದಲೇ ಇಳಿಸಿಟ್ಟುಕೊಂಡ ಭಾಗ ಓಡುತ್ತಿರುತ್ತದೆ. ಮೀಟಿಂಗ್‌ನಲ್ಲಿ ಕೂತವರಿಗೆ ಮಾತ್ರ ಗೊತ್ತು ಆ ಸಂಕಟ. ಎಲೆ ಒದ್ದೆಯಾದರೆ ಇನ್ನೂ ಕಷ್ಟ, ಈ ಸಿಗ್ನಲ್‌ಗೆ ನೀರು ಅಂದರೆ ಆಗುವುದಿಲ್ಲ. ಜೋರು ಮಳೆಗೆ ಸ್ವಲ್ಪ ಹೊತ್ತು ನಿಲ್ಲುವುದೂ ಅದಕ್ಕೇ. ಹಾಗಾಗಿ ಡಿಶ್ ಇಟ್ಟು ಕೆಲವು ಗಂಟೆ ಬಿಟ್ಟು ಆ್ಯಪ್‌ನಲ್ಲಿ ತಡೆಗಳ ನಕ್ಷೆ ತೆರೆದು ನೋಡಿ. ಡಿಶ್ ತಾನೇ ಅದನ್ನು ನಿಧಾನಕ್ಕೆ ತುಂಬಿಸುತ್ತದೆ. ಕೆಂಪು ಚುಕ್ಕೆ ಎಲ್ಲಿ ಕಾಣುತ್ತದೋ ಆ ಕಡೆ ಮರ ಇದೆ ಅಂತ ಅರ್ಥ. ಎರಡು ಮೀಟರ್ ಸರಿಸಿದರೂ ಎಷ್ಟೋ ಸಲ ಸಾಕಾಗುತ್ತದೆ.

ಹಂತ 3: ಕರೆಂಟಿನ ಲೆಕ್ಕ

ಪೆನ್ನು ಹಿಡಿದು ಕೂರಿ. ಮಿನಿ ಸರಾಸರಿ 30 ವ್ಯಾಟ್ ಅಂದುಕೊಂಡರೆ 24 ಗಂಟೆಗೆ 720 ವ್ಯಾಟ್ ಅವರ್. ಸ್ಟ್ಯಾಂಡರ್ಡ್ 80 ವ್ಯಾಟ್ ಅಂದರೆ 1,920. ನಿಮ್ಮ 12 ವೋಲ್ಟ್, 100 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಇರುವುದು 1,200 ವ್ಯಾಟ್ ಅವರ್. ಅದು ಲೆಡ್ ಆ್ಯಸಿಡ್ ಆದರೆ ಅರ್ಧಕ್ಕಿಂತ ಜಾಸ್ತಿ ಇಳಿಸಬಾರದು, ಬ್ಯಾಟರಿ ಬೇಗ ಹಾಳಾಗುತ್ತದೆ. ಅಂದರೆ ಕೈಗೆ ಸಿಗುವುದು 600. ಮಿನಿಗೇ ಒಂದು ದಿನ ಪೂರ್ತಿ ಸಾಲದು, ಲೈಟು ಪಂಪು ಎಲ್ಲ ಬೇರೆ. ಲಿಥಿಯಂ ಐರನ್ ಫಾಸ್ಫೇಟ್ ಆದರೆ 1,000ದ ಆಸುಪಾಸು ಧೈರ್ಯವಾಗಿ ಬಳಸಬಹುದು.

ರಾತ್ರಿ ನಿಮಗೆ ಇಂಟರ್ನೆಟ್ ಬೇಡ ಅಲ್ವಾ? ಆ್ಯಪ್‌ನಲ್ಲಿ ಮಲಗುವ ವೇಳೆ ಹಾಕುವ ಸೌಲಭ್ಯ ಇದೆ. ಎಂಟು ಗಂಟೆ ನಿದ್ದೆಗೆ ಹಾಕಿದರೆ ಮಿನಿಯ ಲೆಕ್ಕ 720ರಿಂದ 500ರ ಹತ್ತಿರಕ್ಕೆ ಇಳಿಯುತ್ತದೆ. ಸೋಲಾರ್ ಇದ್ದವರಿಗೆ ಒಂದು ಅಂದಾಜು: 200 ವ್ಯಾಟ್ ಪ್ಯಾನೆಲ್, ಐದು ಗಂಟೆ ಒಳ್ಳೆ ಬಿಸಿಲು ಅಂದರೆ ಕಾಗದದ ಮೇಲೆ 1,000 ವ್ಯಾಟ್ ಅವರ್. ಚಾವಣಿ ಮೇಲೆ ಮಲಗಿಸಿದ ಪ್ಯಾನೆಲ್‌ನಿಂದ ನಾನು 700 ಅಂತಲೇ ಹಿಡಿಯುತ್ತೇನೆ. ಇಲ್ಲೊಂದು ಜಗ್ಗಾಟ ಇದೆ ನೋಡಿ. ಬಿಸಿಲಿಗೂ ತೆರೆದ ಜಾಗ ಬೇಕು, ಡಿಶ್‌ಗೂ ತೆರೆದ ಜಾಗ ಬೇಕು, ಟ್ರೈಲರ್ ಒಳಗೆ ಇರುವ ನಮಗೆ ಮಾತ್ರ ನೆರಳು ಬೇಕು.

ಸ್ಟ್ಯಾಂಡರ್ಡ್ ಡಿಶ್‌ಗೆ ಸಾಮಾನ್ಯವಾಗಿ ಇನ್ವರ್ಟರ್ ಬೇಕು. ಪ್ಯೂರ್ ಸೈನ್ ವೇವ್, ಅಂದರೆ ಮನೆ ಕರೆಂಟಿನಂಥ ನಯವಾದ ಅಲೆ ಕೊಡುವುದನ್ನೇ ತಗೊಳ್ಳಿ, 300 ವ್ಯಾಟ್ ಸಾಕು. ಹತ್ತು ಹದಿನೈದು ಪರ್ಸೆಂಟ್ ಕರೆಂಟು ಇನ್ವರ್ಟರ್ ತಾನೇ ತಿನ್ನುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಿ. ಮಿನಿಗೆ ಇನ್ವರ್ಟರ್ ಬೇಡವೇ ಬೇಡ. ಅದು 12ರಿಂದ 48 ವೋಲ್ಟ್ ಡಿಸಿ ನೇರ ತಗೊಳ್ಳುತ್ತದೆ.

ಈ 12 ಅನ್ನುವ ಸಂಖ್ಯೆಯಲ್ಲೇ ನಾನು ಮೋಸ ಹೋಗಿದ್ದು. ಟ್ರೈಲರ್‌ನಲ್ಲಿ ಇರುವುದೂ 12 ವೋಲ್ಟ್, ಡಿಶ್‌ಗೆ ಬೇಕಿರುವುದೂ 12 ವೋಲ್ಟ್, ಇನ್ನೇನು ಬೇಕು ಅಂತ ಕಿಟಕಿ ಪಕ್ಕದ 12 ವೋಲ್ಟ್ ಸಾಕೆಟ್‌ಗೆ ಚುಚ್ಚಿದೆ. ಹಗಲೆಲ್ಲ ಚೆನ್ನಾಗಿ ಓಡಿತು. ಸಂಜೆ ಪಾತ್ರೆ ತೊಳೆಯಲು ನಲ್ಲಿ ತಿರುಗಿಸಿದೆ, ನೀರಿನ ಪಂಪು ಗುರ್ ಅಂತ ಶುರುವಾಯಿತು, ಇಂಟರ್ನೆಟ್ ಹೋಯಿತು. ಎರಡು ನಿಮಿಷಕ್ಕೆ ಬಂತು. ಮತ್ತೆ ನಲ್ಲಿ ತಿರುಗಿಸಿದೆ, ಮತ್ತೆ ಹೋಯಿತು. ಮೂರು ದಿನ ಆಕಾಶದಲ್ಲೇ ತಪ್ಪು ಹುಡುಕಿದೆ. ನಾಲ್ಕನೇ ದಿನ ಮಲ್ಟಿಮೀಟರ್ ತೆಗೆದೆ. ಬ್ಯಾಟರಿ ತುದಿಯಲ್ಲಿ 12.4 ಇತ್ತು. ಸಾಕೆಟ್ ತುದಿಯಲ್ಲಿ, ಡಿಶ್ ಓಡುತ್ತಿರುವಾಗ, 11.3.

ಆ ಒಂದು ವೋಲ್ಟ್ ಹೋಗಿದ್ದು ವೈರಿನಲ್ಲಿ. ಗೋಡೆಯೊಳಗಿನ ವೈರು 0.75 ಚದರ ಮಿ.ಮೀ., ಬ್ಯಾಟರಿಯಿಂದ ಆರು ಮೀಟರ್. ಹೋಗಿ ಬರುವ ದಾರಿ ಸೇರಿ ಹನ್ನೆರಡು ಮೀಟರ್ ತಾಮ್ರ, ಅದರ ತಡೆ ಸುಮಾರು 0.28 ಓಮ್. 4 ಆಂಪ್ ಹರಿದರೆ 1.1 ವೋಲ್ಟ್ ಅಲ್ಲೇ ಹೋಯಿತು. ಡಿಶ್‌ನ ಉದ್ದ ಕೇಬಲ್‌ನಲ್ಲಿ ಹೋಗುವುದು ಬೇರೆ. ಅಂಚಿನಲ್ಲಿ ನಿಂತಿದ್ದ ಡಿಶ್‌ಗೆ ಪಂಪು ಒಂದು ತಳ್ಳು ಕೊಟ್ಟರೆ ಸಾಕಿತ್ತು.

ಸರಿ ಮಾಡುವುದು ಹೀಗೆ. ಬ್ಯಾಟರಿಯ ಪಕ್ಕದಲ್ಲೇ ಒಂದು ಸ್ಟೆಪ್ ಅಪ್ ಕನ್ವರ್ಟರ್ ಹಾಕಿ, 12 ಕೊಟ್ಟರೆ 24 ವೋಲ್ಟ್ ಕೊಡುವಂಥದ್ದು, ಕನಿಷ್ಠ 100 ವ್ಯಾಟ್‌ನದು. ವೋಲ್ಟ್ ಎರಡರಷ್ಟಾದರೆ ಆಂಪ್ ಅರ್ಧವಾಗುತ್ತದೆ, ವೈರಿನಲ್ಲಿ ಹೋಗುವುದೂ ಅರ್ಧ. 24ರಲ್ಲಿ ಒಂದು ವೋಲ್ಟ್ ಹೋದರೂ 12ರ ಗಡಿ ಎಲ್ಲೋ ಕೆಳಗಿರುತ್ತದೆ. ಬ್ಯಾಟರಿಯಿಂದ ಕನ್ವರ್ಟರ್‌ಗೆ ಮತ್ತು ಅಲ್ಲಿಂದ ಮುಂದಕ್ಕೆ 2.5 ಚದರ ಮಿ.ಮೀ. ವೈರು ಎಳೆಯಿರಿ, ಜಾಗ ಇದ್ದರೆ 4. ಪ್ಲಸ್ ವೈರಿಗೆ 10 ಆಂಪ್ ಫ್ಯೂಸು, ಅದೂ ಬ್ಯಾಟರಿ ತುದಿಯಿಂದ ಒಂದು ಗೇಣಿನೊಳಗೆ. ಫ್ಯೂಸು ಕಾಪಾಡುವುದು ಡಿಶ್‌ಅನ್ನು ಅಲ್ಲ, ವೈರು ಕಾದು ಟ್ರೈಲರ್‌ಗೆ ಬೆಂಕಿ ಬೀಳದಂತೆ ನೋಡಿಕೊಳ್ಳುವುದು, ಹಾಗಾಗಿ ಅದನ್ನು ದೂರದಲ್ಲಿ ಹಾಕಿ ಪ್ರಯೋಜನ ಇಲ್ಲ. ಒಂದು ಸ್ವಿಚ್ಚನ್ನೂ ಕೈಗೆ ಎಟುಕುವಲ್ಲಿ ಹಾಕಿ. ಕೆಲಸ ಶುರು ಮಾಡುವ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿಡುವುದು ಮರೆಯಬೇಡಿ.

ವೈರಿಂಗ್ ಕೈಯಲ್ಲಿ ಆಗುವುದಿಲ್ಲ ಅನ್ನುವವರಿಗೆ ಇನ್ನೊಂದು ದಾರಿ ಇದೆ. 100 ವ್ಯಾಟ್ ಕೊಡುವ, ಅಂದರೆ 20 ವೋಲ್ಟ್ 5 ಆಂಪ್ ಬರುವ ಯುಎಸ್‌ಬಿ ಸಿ ಪವರ್ ಬ್ಯಾಂಕಿನಿಂದಲೂ ಮಿನಿ ಓಡುತ್ತದೆ. ಕೇಬಲ್ ಕೂಡ ಅಷ್ಟು ತಡೆಯುವಂಥದ್ದೇ ಇರಬೇಕು.

ಹಂತ 4: ಎಲ್ಲಿ ಕೂರಿಸುವುದು

ಮೊದಲ ಎರಡು ಪ್ರಯಾಣ ಚಾವಣಿಗೆ ಒಂದು ತೂತೂ ಕೊರೆಯಬೇಡಿ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ನೀವು ತೆರೆದ ಬಯಲಿನಲ್ಲಿ ನಿಲ್ಲಿಸುವವರಾ, ಮರದ ನಡುವೆ ನಿಲ್ಲಿಸುವವರಾ ಅನ್ನುವುದು ಅಷ್ಟರಲ್ಲಿ ನಿಮಗೇ ಗೊತ್ತಾಗುತ್ತದೆ.

ಮರದ ನಡುವೆ ನಿಲ್ಲಿಸುವವರಿಗೆ ನೆಲದ ಮೇಲೆ ಟ್ರೈಪಾಡ್ ವಾಸಿ. ಟ್ರೈಲರ್ ನೆರಳಿನಲ್ಲಿ ಇರಲಿ, 15 ಮೀಟರ್ ಕೇಬಲ್ ಎಳೆದು ಡಿಶ್‌ಅನ್ನು ಬಿಸಿಲಿಗೆ ಇಡಿ. ಟ್ರೈಪಾಡ್ ಕಾಲಿಗೆ ಮರಳಿನ ಚೀಲ ಅಥವಾ ಗೂಟ ಕಡ್ಡಾಯ. ಕೇಬಲ್ ಜನ ಓಡಾಡುವ ದಾರಿಗೆ ಅಡ್ಡ ಬರದಂತೆ ಗಾಡಿಯ ಅಡಿಯಿಂದ ಎಳೆಯಿರಿ. ಗಾಳಿ ಎದ್ದರೆ ಒಳಗೆ ತನ್ನಿ.

ನಡುವಿನ ದಾರಿ ಕಂಬ. ಹಿಂದಿನ ಏಣಿಗೋ ಗಾಡಿಗೆ ಕಟ್ಟುವ ಮುಂದಿನ ಕೊಂಡಿಯ (ಹಿಚ್) ಹತ್ತಿರಕ್ಕೋ ಕ್ಲ್ಯಾಂಪ್ ಹಾಕಿ ಕಂಬ ನಿಲ್ಲಿಸಿದರೆ ಡಿಶ್ ಎಸಿಗಿಂತ ಮೇಲೆ ಬರುತ್ತದೆ, ತೂತು ಬೇಡ. ಹೊರಡುವಾಗ ಇಳಿಸಬೇಕು ಅಷ್ಟೇ.

ಚಾವಣಿ ಮೇಲೆ ಕಾಯಂ ಕೂರಿಸುವುದು ದಿನಕ್ಕೊಂದು ಊರು ಬದಲಿಸುವವರಿಗೆ. ನಿಲ್ಲಿಸಿದ ತಕ್ಷಣ ಇಂಟರ್ನೆಟ್ ಸಿದ್ಧ. ಅಯಸ್ಕಾಂತದ ಸ್ಟ್ಯಾಂಡ್ ಕೊಳ್ಳುವ ಮೊದಲು ಒಂದು ಚಿಕ್ಕ ಅಯಸ್ಕಾಂತ ಹಿಡಿದು ಚಾವಣಿಗೆ ಮುಟ್ಟಿಸಿ ನೋಡಿ. ಅಲ್ಯೂಮಿನಿಯಂ, ಫೈಬರ್‌ಗ್ಲಾಸ್, ರಬ್ಬರ್ ಯಾವುದಕ್ಕೂ ಅಂಟುವುದಿಲ್ಲ. ಪೂರ್ತಿ ಮಟ್ಟಸ ಬೇಡ, ನೀರು ನಿಲ್ಲದಂತೆ ತುಸು ಇಳಿಜಾರು ಕೊಡಿ. ಡಿಶ್ ಅಡಿಯಲ್ಲಿ ಗಾಳಿ ಆಡಲು ಜಾಗ ಬಿಡಿ. 50 ಡಿಗ್ರಿ ಸೆಲ್ಸಿಯಸ್‌ವರೆಗೆ ಕೆಲಸ ಮಾಡುವಂತೆ ಇದನ್ನು ಮಾಡಿದ್ದಾರೆ, ಸುಡುವ ಬಿಸಿಲಿಗೆ ಚಾವಣಿ ಅದಕ್ಕಿಂತ ಬಿಸಿಯಾಗುತ್ತದೆ, ಆಗ ಡಿಶ್ ತಾನೇ ನಿಂತುಕೊಳ್ಳುತ್ತದೆ.

ಹಂತ 5: ಕೇಬಲ್ ಒಳಗೆ ತರುವುದು

ಹೊಸ ತೂತು ಕೊರೆಯುವ ಮೊದಲು ಹಳೆಯ ದಾರಿ ಹುಡುಕಿ. ಬ್ಯಾಟರಿ ಪೆಟ್ಟಿಗೆಯ ಗಾಳಿ ಕಿಂಡಿ, ಸೋಲಾರ್ ವೈರು ಇಳಿದಿರುವ ಜಾಗ, ಫ್ರಿಜ್‌ನ ಚಾವಣಿ ಕಿಂಡಿ. ಗ್ಯಾಸಿನಲ್ಲಿ ಓಡುವ ಫ್ರಿಜ್ ಆದರೆ ಅದರ ಹೊಗೆ ಕೊಳವೆ ಬಿಸಿ ಇರುತ್ತದೆ, ಕೇಬಲ್ ಅದರಿಂದ ದೂರ ಇರಲಿ.

ಕೊರೆಯಲೇಬೇಕು ಅಂದರೆ ಅವಸರ ಬೇಡ. ಒಳಗಿನಿಂದ ಎಲ್ಲಿ ಇಳಿಯುತ್ತದೆ ನೋಡಿ. ಕಪಾಟಿನೊಳಗೆ ಇಳಿದರೆ ಒಳ್ಳೆಯದು, ಮುಂದೆ ನೀರು ಸೋರಿದರೆ ಕಣ್ಣಿಗೆ ಬೀಳುತ್ತದೆ. ಚಾವಣಿ ಮೇಲೆ ಹಲಗೆ ಹಾಕಿ ಅದರ ಮೇಲೆ ಮಂಡಿಯೂರಿ, ತೆಳು ಪ್ಲೈವುಡ್ ನಿಮ್ಮ ತೂಕ ಒಂದೇ ಕಡೆ ತಡೆಯುವುದಿಲ್ಲ. ಮೊದಲು ಸಣ್ಣ ಬಿಟ್‌ನಿಂದ ಕೊರೆದು ವೈರು ಏನೂ ಇಲ್ಲ ಅಂತ ಖಚಿತ ಮಾಡಿಕೊಂಡು ಆಮೇಲೆ ದೊಡ್ಡದು ಮಾಡಿ. ಎಷ್ಟು ದೊಡ್ಡದು? ಅಳೆಯಬೇಕಿರುವುದು ಕೇಬಲ್‌ನ ದಪ್ಪ ಅಲ್ಲ, ಅದರ ಪ್ಲಗ್ಗಿನ ತಲೆ. ತೂತಿನ ಅಂಚಿಗೆ ಸೀಲಂಟ್ (ನೀರು ಸೋರದಂತೆ ಮುಚ್ಚುವ ಅಂಟು) ಸವರಿ, ಕೇಬಲ್ ಗ್ಲ್ಯಾಂಡಿನ, ಅಂದರೆ ಕೇಬಲ್ ಒಳಹೋಗುವ ತೂತು ಮುಚ್ಚುವ ಟೋಪಿಯ ಅಡಿಗೆ ಬ್ಯುಟೈಲ್ ಟೇಪ್ (ಮೆತ್ತಗಿನ ರಬ್ಬರಿನಂಥ ಅಂಟು ಪಟ್ಟಿ) ಹಾಕಿ ಕೂರಿಸಿ, ಸ್ಕ್ರೂ ಬಿಗಿ ಮಾಡಿದಾಗ ಟೇಪ್ ಸುತ್ತಲೂ ಸ್ವಲ್ಪ ಹೊರಗೆ ಉಕ್ಕಬೇಕು. ಅದರ ಮೇಲೆ ಟ್ರೈಲರ್ ಚಾವಣಿಗೆ ಅಂತಲೇ ಬರುವ, ತಾನೇ ಹರಡಿಕೊಳ್ಳುವ ಸೀಲಂಟ್ ಸುರಿಯಿರಿ, ಪ್ರತಿ ಸ್ಕ್ರೂ ತಲೆ ಮುಚ್ಚುವ ಹಾಗೆ. ರಬ್ಬರ್ ಚಾವಣಿಗೆ ಸಾಮಾನ್ಯ ಸಿಲಿಕೋನ್ ಬೇಡ, ಸರಿಯಾಗಿ ಅಂಟುವುದಿಲ್ಲ. ಗ್ಲ್ಯಾಂಡಿನ ಬಾಯಿ ಟ್ರೈಲರ್‌ನ ಹಿಂಭಾಗಕ್ಕೆ ಮುಖ ಮಾಡಿರಲಿ, ಓಡುವಾಗ ಮಳೆ ಒಳಗೆ ನುಗ್ಗುವುದಿಲ್ಲ. ಕೇಬಲ್ ಪಕ್ಕದ ಗೋಡೆಯಿಂದ ಒಳಗೆ ಹೋಗುತ್ತಿದ್ದರೆ ತೂತಿಗಿಂತ ಕೆಳಗೆ ಒಂದು ಜೋಲು ಬಿಟ್ಟು ಆಮೇಲೆ ಮೇಲೆ ತನ್ನಿ, ನೀರು ಆ ಜೋಲಿನ ತಳದಿಂದ ತೊಟ್ಟಿಕ್ಕುತ್ತದೆ.

ಹಂತ 6: ಒಳಗಿನ ವೈಫೈ

ಹೊರಗೆ ಕುರ್ಚಿ ಹಾಕಿಕೊಂಡು ಕೂತರೆ ಪೂರ್ತಿ ಸಿಗ್ನಲ್, ಒಳಗೆ ಹಾಸಿಗೆ ಮೇಲೆ ಒಂದೇ ಗೆರೆ. ಮಿನಿ ಬಳಸುವವರಿಗೆ ಇದು ಆಗುತ್ತದೆ. ರೌಟರ್ ಡಿಶ್‌ನೊಳಗೆ, ಡಿಶ್ ಚಾವಣಿ ಮೇಲೆ, ನಡುವೆ ಅಲ್ಯೂಮಿನಿಯಂ ತಗಡು. ವೈಫೈ ಅದನ್ನು ದಾಟಲು ಒದ್ದಾಡುತ್ತದೆ. ಮಿನಿಯ ಹಿಂದೆ ಒಂದು ಈಥರ್‌ನೆಟ್ ಕಿಂಡಿ ಇದೆ. ಅಲ್ಲಿಂದ ಒಂದು ಕೇಬಲ್ ಒಳಗೆ ತಂದು 12 ವೋಲ್ಟ್‌ನಲ್ಲಿ ಓಡುವ ಚಿಕ್ಕ ರೌಟರ್‌ಗೆ ಹಾಕಿ, ಆ್ಯಪ್‌ನಲ್ಲಿ ಬೈಪಾಸ್ ಆನ್ ಮಾಡಿ, ಆಗ ಡಿಶ್‌ನೊಳಗಿನ ರೌಟರ್ ಸುಮ್ಮನಾಗಿ ನಿಮ್ಮದು ಕೆಲಸ ಮಾಡುತ್ತದೆ. ಕರೆಂಟಿನ ಕೇಬಲ್ ಎಳೆಯುವಾಗಲೇ ಇದನ್ನೂ ಜೊತೆಗೆ ಎಳೆದುಬಿಡಿ, ಎರಡನೇ ಸಲ ಚಾವಣಿ ಹತ್ತುವುದು ತಪ್ಪುತ್ತದೆ. ಬೈಪಾಸ್ ಆದಮೇಲೆ ಡಿಶ್‌ನ ಸ್ಥಿತಿ ನೋಡಬೇಕಾದರೆ ಬ್ರೌಸರ್‌ನಲ್ಲಿ 192.168.100.1 ಹೊಡೆಯಿರಿ.

ಸಿಮ್ ಹಾಕುವ ಜಾಗ ಇರುವ ರೌಟರ್ ಸಿಕ್ಕರೆ ಇನ್ನೂ ಒಳ್ಳೆಯದು. ದಟ್ಟ ಮರದ ನಡುವೆ ಡಿಶ್ ಸೋತಾಗ ಎಷ್ಟೋ ಸಲ ಮೊಬೈಲ್ ಸಿಗ್ನಲ್ ಇರುತ್ತದೆ, ರೌಟರ್ ತಾನೇ ಅದಕ್ಕೆ ಬದಲಾಗುತ್ತದೆ. ಇನ್ನು, ದೂರದಿಂದ ಟ್ರೈಲರ್‌ನ ಕ್ಯಾಮೆರಾ ನೋಡುವ ಯೋಚನೆ ಇದ್ದರೆ ತಯಾರಕರ ಆ್ಯಪ್ ಮೂಲಕ ಓಡುವ ಕ್ಯಾಮೆರಾ ತಗೊಳ್ಳಿ. ಇಲ್ಲಿ ಒಂದೇ ಐಪಿ ವಿಳಾಸವನ್ನು ಹಲವರು ಹಂಚಿಕೊಂಡಿರುತ್ತಾರೆ, ಹೊರಗಿನಿಂದ ನೇರವಾಗಿ ಒಳಗೆ ಬರಲು ಆಗುವುದಿಲ್ಲ.

ಹಂತ 7: ಹೊರಡುವ ಮೊದಲು

ಕಂಬ ಇಳಿಸಿ, ಕೇಬಲ್ ಅಗಲವಾಗಿ ಸುತ್ತಿ, ಬಿಗಿಯಾಗಿ ಮಡಚಬೇಡಿ. ಪ್ಲಗ್ ಬಾಯಿಗೆ ಮಣ್ಣು ಹೋಗದಂತೆ ಒಂದು ಬಟ್ಟೆ ಸುತ್ತಿ. ಹಳೆಯ, ಮೋಟಾರಿನಿಂದ ತಿರುಗುವ ಡಿಶ್ ನಿಮ್ಮಲ್ಲಿ ಇದ್ದರೆ ಕರೆಂಟು ತೆಗೆಯುವ ಮೊದಲೇ ಆ್ಯಪ್‌ನಿಂದ ಮಡಚಿಸಿ, ಆಮೇಲೆ ಅದು ಮಡಚುವುದಿಲ್ಲ. ಚಾವಣಿಗೆ ಕಾಯಂ ಹಾಕಿದ್ದರೆ ಒಟ್ಟು ಎತ್ತರ ಹೊಸದಾಗಿ ಅಳೆದು ಡ್ರೈವರ್ ಮುಂದೆ ಬರೆದು ಅಂಟಿಸಿ. ಮೊದಲ 100 ಕಿ.ಮೀ. ಆದಮೇಲೆ ನಿಲ್ಲಿಸಿ, ಮೇಲೆ ಹತ್ತಿ, ಪ್ರತಿ ನಟ್ಟನ್ನೂ ಕೈಯಿಂದ ತಿರುಗಿಸಿ ನೋಡಿ, ಗಾಡಿ ಅದುರಿದ್ದಕ್ಕೆ ಒಂದಾದರೂ ಸಡಿಲ ಆಗಿರುತ್ತದೆ. ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಬೆಳಿಗ್ಗೆ ಕಪಾಟು ತೆಗೆದು ತೂತಿನ ಸುತ್ತಲಿನ ಪ್ಲೈವುಡ್‌ಅನ್ನು ಬೆರಳಿನಿಂದ ಮುಟ್ಟಿ. ತಣ್ಣಗೆ ಒದ್ದೆ ಅನ್ನಿಸಿದರೆ ಆವತ್ತೇ ಸೀಲಂಟ್ ಟ್ಯೂಬ್ ಹಿಡಿದು ಮೇಲೆ ಹತ್ತಿ.